ಒಳಗಿರುವುದೇ ಅರ್ಹತೆಯಲ್ಲ

ಸಂಸ್ಥೆಯೊಂದು ತನ್ನ ನೌಕರರ ಬಳಕೆಗೆಂದೇ ನಡೆಸುವ ಜಾಲತಾಣವನ್ನು ಇಂಟ್ರಾನೆಟ್ ಅಥವಾ ಒಳತಾಣ ಎನ್ನಬಹುದು. ಸಾರ್ವಜನಿಕರ ಕಣ್ಣಿಗೆ ಬೀಳದ ಈ ತಾಣದಲ್ಲಿ ವೇತನದ ಪಟ್ಟಿ, ಗ್ರಾಹಕರ ವಿಳಾಸಗಳು, ಟೆಂಡರಿಗೆಂದು ಸಿದ್ಧಪಡಿಸಿದ ದರಗಳು, ಇನ್ನೂ ಪ್ರಕಟವಾಗದ ತ್ರೈಮಾಸಿಕ ಲೆಕ್ಕಪತ್ರ, ಯಂತ್ರಗಳ ನಕ್ಷೆ, ಕೆಲವೊಮ್ಮೆ ಬೇರೆ ವ್ಯವಸ್ಥೆಗಳ ಪಾಸ್‌ವರ್ಡುಗಳು ಕೂಡ ಇರುತ್ತವೆ. ಸಾರ್ವಜನಿಕ ಜಾಲತಾಣವನ್ನು ಯಾರಾದರೂ ಕೆಡಿಸಿದರೆ ಸಂಸ್ಥೆಯ ಹೆಸರಿಗೆ ಕುಂದು ಬರುತ್ತದೆ. ಒಳತಾಣ ಅನ್ಯರ ಕೈಸೇರಿದರೆ ಸಂಸ್ಥೆಯ ವ್ಯವಹಾರವೇ ಅವರ ಕೈಸೇರುತ್ತದೆ. ಆದರೂ ಬಹುಕಾಲ ಕಾವಲಿನ ಬಹುಪಾಲು ಹೊರಗಿನ ಬೇಲಿಗೆ ಮೀಸಲಾಗಿತ್ತು ಮತ್ತು ಒಳಗಿನ ತಾಣಗಳು ಸಡಿಲವಾಗಿಯೇ ಉಳಿದಿದ್ದವು, ಏಕೆಂದರೆ ಕಚೇರಿಯ ಜಾಲದೊಳಗೆ ಕಾಲಿಟ್ಟವರು ನಮ್ಮವರೇ ಆಗಿರುತ್ತಾರೆಂಬ ನಂಬಿಕೆ ಗಟ್ಟಿಯಾಗಿತ್ತು. ಒಳತಾಣಗಳಲ್ಲಿ ನಡೆದ ದೊಡ್ಡ ಅನಾಹುತಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವುಗಳಲ್ಲಿ ಹೆಚ್ಚಿನವುಗಳ ಬೇರು ಈ ನಂಬಿಕೆಯಲ್ಲೇ ಇರುವುದು ಕಾಣುತ್ತದೆ.

ಒಳತಾಣದ ಪ್ರವೇಶ ನಿಯಂತ್ರಣ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಬಾಗಿಲಿಗೆ ಬಂದಿರುವವರು ಯಾರು ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಕಂಡುಕೊಳ್ಳುವ ಕ್ರಮಕ್ಕೆ ಗುರುತಿನ ದೃಢೀಕರಣ ಎನ್ನುತ್ತಾರೆ. ಬಂದವರು ಯಾವುದನ್ನು ನೋಡಬಹುದು, ಯಾವುದನ್ನು ತಿದ್ದಬಹುದು ಎಂಬುದು ಎರಡನೆಯದು. ಇದು ಅಧಿಕಾರದ ನಿರ್ಣಯ. ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತ ಕೂಡಲೇ ಎರಡನೆಯದನ್ನು ಕೇಳದೆ ಬಿಟ್ಟುಬಿಡುವುದು, ಅಂದರೆ ಲಾಗಿನ್ ಆದವರಿಗೆಲ್ಲ ಎಲ್ಲವನ್ನೂ ತೆರೆದಿಡುವುದು, ಸಣ್ಣ ಸಂಸ್ಥೆಗಳಿಂದ ಹಿಡಿದು ಬಹುರಾಷ್ಟ್ರೀಯ ಕಂಪನಿಗಳವರೆಗೆ ಕಂಡುಬರುವ ದೋಷ.

ಈ ಸಮಸ್ಯೆ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲಕ್ಕೆ ಬಳಸುತ್ತಿದ್ದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಂತೆ ಮಾಡಲು ಮತ್ತು ಯಾರು ಎಷ್ಟು ಹೊತ್ತು ಯಂತ್ರ ಬಳಸಿದರೆಂಬ ಲೆಕ್ಕ ಇಡಲು ಅಲ್ಲಿ ಪಾಸ್‌ವರ್ಡನ್ನು ಜಾರಿಗೆ ತರಲಾಯಿತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ನಿಗದಿಯಾಗಿದ್ದ ವಾರದ 4 ಗಂಟೆಗಳು ಸಾಲದೆ, ಪಾಸ್‌ವರ್ಡುಗಳ ಕಡತವನ್ನು ಮುದ್ರಿಸುವಂತೆ ರಂಧ್ರಪತ್ರದ ಮೂಲಕ ಯಂತ್ರಕ್ಕೆ ಕೋರಿಕೆ ಸಲ್ಲಿಸಿ ಎಲ್ಲರ ಪಾಸ್‌ವರ್ಡುಗಳನ್ನೂ ಪಡೆದರು. ದಶಕಗಳ ನಂತರ ಇದನ್ನು ಅವರೇ ಬಹಿರಂಗಪಡಿಸಿದರು. ಅದೇ ವ್ಯವಸ್ಥೆಯಲ್ಲಿ ಮುಂದೊಂದು ದಿನ ಇಬ್ಬರು ನಿರ್ವಾಹಕರು ಏಕಕಾಲಕ್ಕೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆ ಕಾಣಬೇಕಿದ್ದ ಕಡೆ ಪಾಸ್‌ವರ್ಡುಗಳ ಪೂರ್ಣ ಪಟ್ಟಿಯೇ ಲಾಗಿನ್ ಆದವರೆಲ್ಲರ ಮುಂದೆ ಮೂಡಿತು. ಎರಡೂ ಪ್ರಸಂಗಗಳಲ್ಲಿ ಹೊರಗಿನ ಶತ್ರು ಯಾರೂ ಇರಲಿಲ್ಲ. ಒಂದರಲ್ಲಿ ಒಳಗಿನವರ ಅಗತ್ಯ, ಇನ್ನೊಂದರಲ್ಲಿ ಒಳಗಿನವರ ಅಚಾತುರ್ಯ, ಎರಡರಲ್ಲೂ ಪಾಸ್‌ವರ್ಡುಗಳನ್ನು ಇದ್ದದ್ದು ಇದ್ದಂತೆಯೇ ಬರೆದಿಟ್ಟ ತಪ್ಪು ಸೇರಿಕೊಂಡಿದ್ದವು.

ಬರೆದಿಡುವ ಈ ತಪ್ಪಿಗೆ ಪರಿಹಾರವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಗಣಿತಕ್ರಿಯೆಯೊಂದಕ್ಕೆ ಒಳಪಡಿಸಿ, ಬಂದ ಫಲವನ್ನಷ್ಟೇ ಸಂಗ್ರಹಿಸಿಟ್ಟರೆ ಕಡತ ಕಳುವಾದರೂ ಮೂಲ ಪಾಸ್‌ವರ್ಡ್ ನೇರವಾಗಿ ಸಿಗುವುದಿಲ್ಲ. ಈ ಫಲಕ್ಕೆ ಹ್ಯಾಶ್ ಎಂದು ಹೆಸರು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಇಬ್ಬರ ಹ್ಯಾಶ್ ಒಂದೇ ಆಗಿ ಗುಟ್ಟು ರಟ್ಟಾಗಬಾರದೆಂದು ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಅಂಕಿಗಳನ್ನು ಬೆರೆಸುವ ವಿಧಾನಕ್ಕೆ ಸಾಲ್ಟ್ ಎನ್ನುತ್ತಾರೆ. ಊಹಿಸುವವರ ವೇಗವನ್ನು ತಗ್ಗಿಸಲೆಂದು ಉದ್ದೇಶಪೂರ್ವಕವಾಗಿ ನಿಧಾನಗೊಳಿಸಿದ ಬಿಕ್ರಿಪ್ಟ್ 1999ರಲ್ಲಿ ಬಂತು. 2015ರಲ್ಲಿ ಮುಗಿದ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಆರ್ಗಾನ್2 ಆಯ್ಕೆಯಾಯಿತು. ಇಷ್ಟೆಲ್ಲ ಇದ್ದೂ ಇಂದಿಗೂ ಪಾಸ್‌ವರ್ಡುಗಳನ್ನು ಹಾಗೆಹಾಗೆಯೇ ಕೋಷ್ಟಕದಲ್ಲಿ ತುಂಬಿಡುವ ಒಳತಾಣಗಳು ಇರುವುದಕ್ಕೆ ಕ್ಷಮೆಯಿಲ್ಲ.

ಜಾಗತಿಕ ಜಾಲ, ಅಂದರೆ ವೆಬ್, ಹುಟ್ಟಿದ್ದೇ ಒಳತಾಣದ ರೂಪದಲ್ಲಿ. ಜಿನಿವಾ ಸಮೀಪದ ಸರ್ನ್ ಪ್ರಯೋಗಾಲಯದಲ್ಲಿ ಸಾವಿರಾರು ವಿಜ್ಞಾನಿಗಳು ಬಂದುಹೋಗುತ್ತಿದ್ದುದರಿಂದ ಅವರ ತಿಳಿವಳಿಕೆ ಚದುರಿಹೋಗಬಾರದೆಂದು ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾವವೊಂದನ್ನು ಮಂಡಿಸಿದರು. ಅಲ್ಲಿಯ ಸಿಬ್ಬಂದಿಯಲ್ಲಿ ಹೊಸ ವ್ಯವಸ್ಥೆ ಬಳಕೆಗೆ ಬರಲು ನೆರವಾದದ್ದು ಪ್ರಯೋಗಾಲಯದ ದೂರವಾಣಿ ಪುಸ್ತಕ. ತಿಳಿವಳಿಕೆಯನ್ನು ಹಂಚಿಕೊಳ್ಳುವುದೇ ಗುರಿಯಾಗಿದ್ದ ಈ ವಿನ್ಯಾಸದಲ್ಲಿ ತಡೆಯುವ ಉಪಾಯಗಳು ಆಮೇಲೆ ಸೇರಿಕೊಂಡವು. 1996ರಲ್ಲಿ ದಾಖಲಾದ ಎಚ್‌ಟಿಟಿಪಿ ನಿಯಮಾವಳಿಯ ಮೊದಲ ಆವೃತ್ತಿಯಲ್ಲಿದ್ದ ಸರಳ ದೃಢೀಕರಣ ಪದ್ಧತಿ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಪ್ರತಿ ಕೋರಿಕೆಯ ಜೊತೆಗೆ ಲಿಪಿ ಬದಲಿಸಿ ಕಳುಹಿಸುತ್ತಿತ್ತೇ ಹೊರತು ಗೂಢಲಿಪೀಕರಿಸುತ್ತಿರಲಿಲ್ಲ, ಆದ್ದರಿಂದ ತಂತಿಯ ಮೇಲೆ ಕಿವಿಯಿಟ್ಟ ಯಾರೇ ಆದರೂ ಅದನ್ನು ಓದಬಹುದಿತ್ತು. ತಂತಿ ನಮ್ಮದೇ ಕಟ್ಟಡದಲ್ಲಿದೆ ಎಂಬ ಸಮಾಧಾನದಿಂದ ಅನೇಕ ಸಂಸ್ಥೆಗಳು ಎಚ್‌ಟಿಟಿಪಿಎಸ್ ಎಂಬ ಗೂಢಲಿಪೀಕೃತ ಸಂಪರ್ಕವನ್ನು ಸಾರ್ವಜನಿಕ ತಾಣಕ್ಕೆ ಅಳವಡಿಸಿ ಒಳತಾಣವನ್ನು ಹಾಗೆಯೇ ಬಿಟ್ಟವು.

ಅದೇ 1996ರ ಫೆಬ್ರವರಿಯಲ್ಲಿ ಖಾಸಗಿ ಜಾಲಗಳಿಗೆಂದು ಪ್ರತ್ಯೇಕ ವಿಳಾಸಗಳನ್ನು ಮೀಸಲಿಡುವ ನಿಯಮವೂ ದಾಖಲಾಯಿತು. 10 ಅಥವಾ 192.168 ಎಂದು ಆರಂಭವಾಗುವ ವಿಳಾಸಗಳನ್ನು ಹೊರಗಿನ ಅಂತರಜಾಲದಿಂದ ನೇರವಾಗಿ ತಲುಪಲಾಗದು. ಇದರೊಂದಿಗೆ ಫೈರ್‌ವಾಲ್, ಅಂದರೆ ಜಾಲದ ಅಂಚಿನಲ್ಲಿ ನಿಂತು ಬರುವ ಹೋಗುವ ಸಂದೇಶಗಳನ್ನು ತಡೆಯುವ ಯಂತ್ರ, ಮತ್ತು ವಿಪಿಎನ್, ಅಂದರೆ ಹೊರಗಿರುವ ನೌಕರರನ್ನು ಗೂಢ ಸುರಂಗದ ಮೂಲಕ ಒಳಜಾಲಕ್ಕೆ ಸೇರಿಸುವ ವ್ಯವಸ್ಥೆ ಸೇರಿಕೊಂಡು ಕೋಟೆಯಂಥದ್ದೊಂದು ರಚನೆ ಸಿದ್ಧವಾಯಿತು. ಹೊರಸುತ್ತು ಬಲವಾಗಿತ್ತು, ಆದರೆ ಒಮ್ಮೆ ಒಳಸೇರಿದವರನ್ನು ಮತ್ತೆ ಪ್ರಶ್ನಿಸುವವರು ಇರಲಿಲ್ಲ.

ಈ ರಚನೆಯ ಒಂದು ದೌರ್ಬಲ್ಯ ಕಡಿಮೆ ಜನರಿಗೆ ತಿಳಿದಿದೆ, ಆದರೆ ತಿಳಿಯಲೇಬೇಕಾದದ್ದು. ನೌಕರರ ಬ್ರೌಸರ್ ಏಕಕಾಲಕ್ಕೆ ಒಳಜಾಲದಲ್ಲೂ ಅಂತರಜಾಲದಲ್ಲೂ ಇರುತ್ತದೆ. ಲಾಗಿನ್ ಆದ ಮೇಲೆ ಒಳತಾಣವು ಬ್ರೌಸರಿಗೆ ಕುಕೀ ಎಂಬ ಸಣ್ಣ ಗುರುತುಚೀಟಿಯನ್ನು ಕೊಡುತ್ತದೆ ಮತ್ತು ಬ್ರೌಸರ್ ಪ್ರತಿ ಕೋರಿಕೆಯೊಂದಿಗೆ ಅದನ್ನು ತಾನಾಗಿಯೇ ಲಗತ್ತಿಸುತ್ತದೆ. ಹೊರಗಿನ ದುರುದ್ದೇಶದ ಪುಟವೊಂದು ಅದೇ ಬ್ರೌಸರಿನಲ್ಲಿ ತೆರೆದುಕೊಂಡು ಒಳತಾಣದ ವಿಳಾಸಕ್ಕೆ ಹಣ ಮಂಜೂರು ಮಾಡು ಎಂಬಂಥ ಕೋರಿಕೆಯನ್ನು ಕಳುಹಿಸಿದರೆ, ಚೀಟಿ ಅದಕ್ಕೂ ಅಂಟಿಕೊಂಡು ಹೋಗುತ್ತದೆ ಮತ್ತು ಸರ್ವರ್ ಅದನ್ನು ನೌಕರರ ಕೋರಿಕೆಯೆಂದೇ ಭಾವಿಸುತ್ತದೆ. ಸಿಎಸ್‌ಆರ್‌ಎಫ್ ಎಂದು ಕರೆಯುವ ಈ ದಾಳಿಗೆ ಫೈರ್‌ವಾಲ್ ಅಡ್ಡಿಯೇ ಅಲ್ಲ. ಪ್ರತಿ ಅರ್ಜಿಯೊಳಗೆ ಊಹಿಸಲಾಗದ ಅಂಕಿಯೊಂದನ್ನು ಸೇರಿಸಿ ಪರಿಶೀಲಿಸುವುದು ಇದಕ್ಕೆ ಹಳೆಯ ಮದ್ದು. ಹೊರಗಿನ ಪುಟದಿಂದ ಹೊರಟ ಇಂಥ ಕೋರಿಕೆಗಳಿಗೆ ಕುಕೀ ಲಗತ್ತಾಗದಂತೆ ಕ್ರೋಮ್ ಬ್ರೌಸರ್ 2020ರಿಂದ ತಾನೇ ನಿರ್ಬಂಧ ಹೇರತೊಡಗಿದೆ. ಅಂತರಜಾಲದಿಂದ ತಲುಪಲಾಗದ ತಾಣ ಸುರಕ್ಷಿತ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ವಾದ ಬಿದ್ದದ್ದು ಜಗತ್ತಿಗೆ ತಿಳಿದದ್ದು 2010ರಲ್ಲಿ. ಆ ವರ್ಷದ ಜನವರಿ 12ರಂದು ಗೂಗಲ್, ಹಿಂದಿನ ಡಿಸೆಂಬರಿನಲ್ಲಿ ಚೀನಾದಿಂದ ಹೊರಟ ದಾಳಿಯೊಂದರಲ್ಲಿ ತನ್ನ ಬೌದ್ಧಿಕ ಆಸ್ತಿ ಕಳುವಾಗಿದೆಯೆಂದೂ ಇನ್ನೂ ಕನಿಷ್ಠ 20 ದೊಡ್ಡ ಕಂಪನಿಗಳು ಗುರಿಯಾಗಿವೆಯೆಂದೂ ಪ್ರಕಟಿಸಿತು. ಆಪರೇಷನ್ ಅರೋರಾ ಎಂಬ ಹೆಸರು ಪಡೆದ ಈ ದಾಳಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಅದುವರೆಗೆ ಯಾರಿಗೂ ತಿಳಿಯದಿದ್ದ ದೋಷವೊಂದು ಬಳಕೆಯಾಗಿತ್ತು. ದಾಳಿಕೋರರು ಹೊರಸುತ್ತನ್ನು ಒಡೆಯುವ ಗೋಜಿಗೆ ಹೋಗಲಿಲ್ಲ. ಒಳಗಿದ್ದ ನೌಕರರ ಕಂಪ್ಯೂಟರನ್ನೇ ವಶಪಡಿಸಿಕೊಂಡು, ಅದರ ನೆಲೆಯಿಂದ ಉಳಿದ ಕಡೆಗೆ ಸಾಗಿದರು.

ಹೊರಸುತ್ತಿನ ಮೇಲಿನ ಅವಲಂಬನೆ ಬಿಡಬೇಕೆಂದು 2004ರಲ್ಲಿ ರೂಪುಗೊಂಡ ಜೆರಿಕೊ ಫೋರಂ ಎಂಬ ಭದ್ರತಾ ಅಧಿಕಾರಿಗಳ ಬಳಗ ಅಷ್ಟರಲ್ಲಾಗಲೇ ಹೇಳುತ್ತಿತ್ತು. ಫಾರೆಸ್ಟರ್ ಸಂಸ್ಥೆಯಲ್ಲಿದ್ದ ಜಾನ್ ಕಿಂಡರ್‌ವಾಗ್ 2010ರಲ್ಲಿ ಈ ವಿಚಾರಕ್ಕೆ ಝೀರೋ ಟ್ರಸ್ಟ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಗೂಗಲ್ ಅದನ್ನು ಕಾರ್ಯರೂಪಕ್ಕೆ ತಂದು, ಬಿಯಾಂಡ್‌ಕಾರ್ಪ್ ಎಂದು ಹೆಸರಿಟ್ಟು, 2014ರ ಡಿಸೆಂಬರಿನಿಂದ ಪ್ರಬಂಧಗಳ ಸರಣಿಯೊಂದರಲ್ಲಿ ಅದರ ರಚನೆಯನ್ನು ಬಹಿರಂಗವಾಗಿ ವಿವರಿಸಿತು. ಪ್ರವೇಶ ನಿಯಂತ್ರಣದ ಬಗ್ಗೆ ಗಂಭೀರವಾಗಿ ಯೋಚಿಸುವ ಯಾವುದೇ ಸಂಸ್ಥೆ, ಅದು ಎಷ್ಟೇ ಚಿಕ್ಕದಿರಲಿ, ಈ ರಚನೆಯ ತರ್ಕವನ್ನು ಅರಿಯುವುದು ಅಗತ್ಯ.

ಅದರ ತಿರುಳು ಇಷ್ಟು: ಕೋರಿಕೆ ಯಾವ ಜಾಲದಿಂದ ಬಂದಿದೆ ಎಂಬುದು ಅದನ್ನು ನಂಬಲು ಕಾರಣವಾಗಬಾರದು. ಗೂಗಲ್ ತನ್ನ ಕಚೇರಿಗಳ ಒಳಜಾಲವನ್ನೇ ವಿಶೇಷ ಹಕ್ಕುಗಳಿಲ್ಲದ ಜಾಲವಾಗಿ ಮಾರ್ಪಡಿಸಿತು, ಹೀಗಾಗಿ ಕಚೇರಿಯ ಮೇಜಿನಲ್ಲಿ ಕುಳಿತ ನೌಕರರೂ ಹೋಟೆಲಿನ ವೈಫೈ ಬಳಸುವ ನೌಕರರೂ ಒಂದೇ ಬಗೆಯ ಪರಿಶೀಲನೆಗೆ ಒಳಗಾಗಬೇಕಾಯಿತು. ಒಳತಾಣಗಳೆಲ್ಲವನ್ನೂ ಅಂತರಜಾಲದಿಂದ ತಲುಪಬಹುದಾದ ಪ್ರಾಕ್ಸಿ, ಅಂದರೆ ಬಳಕೆದಾರರಿಗೂ ತಾಣಕ್ಕೂ ನಡುವೆ ನಿಂತು ಪ್ರತಿ ಕೋರಿಕೆಯನ್ನೂ ತಪಾಸಿಸುವ ಸರ್ವರ್‌ನ ಹಿಂದೆ ಇರಿಸಲಾಯಿತು. ಈ ಪ್ರಾಕ್ಸಿ ಮೂರು ಸಂಗತಿಗಳನ್ನು ನೋಡುತ್ತದೆ. ಬಳಕೆದಾರರು ಯಾರು, ಯಾವ ಗುಂಪಿಗೆ ಸೇರಿದವರು ಎಂಬುದನ್ನು ಸಿಬ್ಬಂದಿ ವಿಭಾಗದ ದಾಖಲೆಗಳೊಂದಿಗೆ ಬೆಸೆದ ಮಾಹಿತಿಕೋಶ ತಿಳಿಸುತ್ತದೆ. ಅದರಿಂದಾಗಿ ಒಬ್ಬರ ಹುದ್ದೆ ಬದಲಾದರೆ ಅಥವಾ ಅವರು ಕೆಲಸ ಬಿಟ್ಟರೆ ಅವರ ಅಧಿಕಾರವೂ ಬದಲಾಗುತ್ತದೆ. ಬಳಸುತ್ತಿರುವ ಸಾಧನ ಸಂಸ್ಥೆಯದ್ದೇ ಎಂಬುದನ್ನು ಆ ಸಾಧನದೊಳಗೆ ಭದ್ರವಾಗಿಟ್ಟ ಡಿಜಿಟಲ್ ಪ್ರಮಾಣಪತ್ರ ದೃಢಪಡಿಸುತ್ತದೆ. ಆ ಸಾಧನ ಸದ್ಯ ಯಾವ ಸ್ಥಿತಿಯಲ್ಲಿದೆ, ಅದರ ತಂತ್ರಾಂಶಕ್ಕೆ ಇತ್ತೀಚಿನ ಭದ್ರತಾ ತಿದ್ದುಪಡಿಗಳು ಆಗಿವೆಯೇ ಎಂಬುದು ಮೂರನೆಯದು. ಉದಾಹರಣೆಗೆ, ತಂತ್ರಾಂಶದ ದೋಷಗಳನ್ನು ದಾಖಲಿಸುವ ತಾಣವನ್ನು ಪೂರ್ಣಕಾಲಿಕ ಎಂಜಿನಿಯರುಗಳು ಎಂಜಿನಿಯರಿಂಗ್ ಕೆಲಸಕ್ಕೆಂದು ಕೊಟ್ಟ ಸಾಧನದಿಂದ ಮಾತ್ರ ತೆರೆಯಬಹುದು; ಹಣಕಾಸಿನ ತಾಣ ಹಣಕಾಸು ವಿಭಾಗದವರಿಗೆ, ಅದೂ ಎಂಜಿನಿಯರಿಂಗಿಗೆ ಸೇರದ ಸಾಧನಗಳಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ನಂಬಿಕೆಯನ್ನು ಒಮ್ಮೆ ಕೊಟ್ಟು ಮರೆಯುವ ಬದಲು ಪ್ರತಿ ಕೋರಿಕೆಯಲ್ಲೂ ಹೊಸದಾಗಿ ಅಳೆಯುವುದರಿಂದ, ಬೆಳಿಗ್ಗೆ ಸರಿಯಿದ್ದ ಲ್ಯಾಪ್‌ಟಾಪ್ ಮಧ್ಯಾಹ್ನ ಸೋಂಕಿಗೆ ಸಿಕ್ಕಿದ್ದು ಪತ್ತೆಯಾದರೆ ಮುಂದಿನ ಪುಟವೇ ತೆರೆಯುವುದಿಲ್ಲ.

ಈ ವಿಚಾರ ಈಗ ಒಂದು ಕಂಪನಿಯ ಸ್ವತ್ತಾಗಿ ಉಳಿದಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರ ಆಗಸ್ಟಿನಲ್ಲಿ ಝೀರೋ ಟ್ರಸ್ಟ್ ರಚನೆಯ ಮಾರ್ಗದರ್ಶಿಯನ್ನು ಹೊರತಂದಿತು. 2022ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ತನ್ನ ಇಲಾಖೆಗಳಿಗೆ ಕೊಟ್ಟ ಆದೇಶದಲ್ಲಿ, ಅದುವರೆಗೆ ಅಂತರಜಾಲದಿಂದ ತಲುಪಲಾಗದಿದ್ದ ಕನಿಷ್ಠ ಒಂದು ಒಳವ್ಯವಸ್ಥೆಯನ್ನಾದರೂ ವಿಪಿಎನ್ ನೆರವಿಲ್ಲದೆ ಸುರಕ್ಷಿತವಾಗಿ ಬಳಸುವಂತೆ ಮಾಡಬೇಕೆಂದು ವಿಧಿಸಿತು. ವಿಪಿಎನ್ ಸಾಧನಗಳೇ ದಾಳಿಯ ದಾರಿಯಾದ ಪ್ರಸಂಗಗಳೂ ಇವೆ: 2024ರ ಆರಂಭದಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳಲ್ಲಿ ಗಂಭೀರ ದೋಷಗಳು ಕಂಡುಬಂದಾಗ, ಅವುಗಳನ್ನು ಜಾಲದಿಂದ ಕಿತ್ತುಹಾಕಲು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸರ್ಕಾರಿ ಇಲಾಖೆಗಳಿಗೆ ಎರಡು ದಿನಗಳ ಗಡುವು ಕೊಟ್ಟಿತು.

ಜಾಲದ ಮೇಲಿನ ನಂಬಿಕೆಯನ್ನು ತೆಗೆದ ಮೇಲೆ ಎಲ್ಲ ಭಾರವೂ ಗುರುತಿನ ಮೇಲೆ ಬೀಳುವುದು ಸಹಜ, ಆದ್ದರಿಂದ ಗುರುತನ್ನು ದೃಢಪಡಿಸುವ ವಿಧಾನಗಳ ಬಲಾಬಲವನ್ನು ನೋಡಬೇಕಾಗುತ್ತದೆ. ಒಬ್ಬರಿಗೆ ಗೊತ್ತಿರುವ ಗುಟ್ಟಿನೊಂದಿಗೆ ಅವರ ಬಳಿ ಇರುವ ವಸ್ತುವಿನ ಪುರಾವೆಯನ್ನೂ ಕೇಳುವುದಕ್ಕೆ ಎರಡು ಹಂತದ ದೃಢೀಕರಣ ಎನ್ನುತ್ತಾರೆ. ಮೊಬೈಲಿಗೆ ಬರುವ ಒಟಿಪಿ ಭಾರತದಲ್ಲಿ ಇದರ ಪರಿಚಿತ ರೂಪ. ಆದರೆ ಒಟಿಪಿಯನ್ನು ಬಾಯಿಮಾತಿನಲ್ಲಿ ಕೇಳಿ ಪಡೆಯಬಹುದು, ನಕಲಿ ಪುಟದಲ್ಲಿ ಬರೆಸಿಕೊಳ್ಳಬಹುದು. 2020ರ ಜುಲೈ 15ರಂದು ಟ್ವಿಟರಿನಲ್ಲಿ ಆದದ್ದು ಇದೇ. ದಾಳಿಕೋರರು ಕಂಪನಿಯ ತಾಂತ್ರಿಕ ಸಹಾಯ ವಿಭಾಗದವರಂತೆ ನೌಕರರಿಗೆ ಕರೆ ಮಾಡಿ, ವಿಪಿಎನ್ ತೊಂದರೆ ಸರಿಪಡಿಸುವ ನೆಪದಲ್ಲಿ ನಕಲಿ ಲಾಗಿನ್ ಪುಟಕ್ಕೆ ಕರೆದೊಯ್ದು, ಅಲ್ಲಿ ನಮೂದಾದ ವಿವರಗಳನ್ನು ಅದೇ ಕ್ಷಣದಲ್ಲಿ ಅಸಲಿ ಪುಟದಲ್ಲಿ ತುಂಬಿ ಒಳಹೊಕ್ಕರು. ಒಳಗಿನ ನಿರ್ವಹಣಾ ತಾಣದ ಮೂಲಕ 130 ಖಾತೆಗಳನ್ನು ಗುರಿ ಮಾಡಿದ ಅವರು ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್ ಮೊದಲಾದವರ ಹೆಸರಿನಲ್ಲಿ ಬಿಟ್‌ಕಾಯಿನ್ ವಂಚನೆಯ ಸಂದೇಶಗಳನ್ನು ಹರಿಬಿಟ್ಟರು. ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆ ನಡೆಸಿದ ತನಿಖೆ ಹೊರಗೆಡವಿದ ಸಂಗತಿಗಳಲ್ಲಿ ಒಂದು ವಿಶೇಷ ಗಮನಕ್ಕೆ ಅರ್ಹ: ಆ ನಿರ್ವಹಣಾ ಸಾಧನಗಳ ಬಳಕೆಗೆ ಸಾವಿರಕ್ಕೂ ಹೆಚ್ಚು ಮಂದಿಗೆ ಅನುಮತಿಯಿತ್ತು.

ಮೊಬೈಲಿನಲ್ಲಿ ಮೂಡುವ ಸೂಚನೆಯನ್ನು ಒತ್ತಿ ಒಪ್ಪಿಗೆ ಕೊಡುವ ವಿಧಾನವೂ ಅಭೇದ್ಯವಲ್ಲ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯ ಗುತ್ತಿಗೆ ನೌಕರರೊಬ್ಬರ ಪಾಸ್‌ವರ್ಡ್ ಪಡೆದಿದ್ದ ದಾಳಿಕೋರ ಮತ್ತೆ ಮತ್ತೆ ಲಾಗಿನ್ ಆಗಲು ಯತ್ನಿಸಿ, ಒಪ್ಪಿಗೆಯ ಕೋರಿಕೆಗಳಿಂದ ಅವರನ್ನು ಕಾಡಿದ. ಕೊನೆಗೊಮ್ಮೆ ಅವರು ಒಪ್ಪಿಗೆ ಒತ್ತಿದರು. ಇಲ್ಲಿ ದಣಿದ ಮನುಷ್ಯರನ್ನು ದೂಷಿಸುವುದು ಅನ್ಯಾಯ. ದಣಿವನ್ನು ದುರುಪಯೋಗಪಡಿಸಿಕೊಳ್ಳಲು ಎಡೆಯಿದ್ದ ವಿನ್ಯಾಸವೇ ತಪ್ಪು.

ಅದೇ 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಎದುರಿಸಿದ ದಾಳಿ ಒಳ್ಳೆಯ ವಿನ್ಯಾಸ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ. ಒಂದು ನಿಮಿಷದೊಳಗೆ ಕನಿಷ್ಠ 76 ನೌಕರರ ಮೊಬೈಲುಗಳಿಗೆ ನಕಲಿ ಲಾಗಿನ್ ಪುಟದ ಕೊಂಡಿಯಿದ್ದ ಸಂದೇಶಗಳು ಬಂದವು ಮತ್ತು ಮೂವರು ಅದರಲ್ಲಿ ತಮ್ಮ ಪಾಸ್‌ವರ್ಡನ್ನು ಬರೆದರು. ಆದರೂ ದಾಳಿಕೋರರು ಒಳಬರಲಾಗಲಿಲ್ಲ, ಏಕೆಂದರೆ ಅಲ್ಲಿಯ ಪ್ರತಿ ನೌಕರರಿಗೂ ಭದ್ರತಾ ಕೀಲಿ ಎಂಬ ಪುಟ್ಟ ಸಾಧನವನ್ನು ಕೊಡಲಾಗಿತ್ತು. ಈ ಕೀಲಿ ತಾಣದ ವಿಳಾಸಕ್ಕೆ ಬದ್ಧವಾಗಿರುತ್ತದೆ: ತಾನು ಯಾವ ವಿಳಾಸಕ್ಕೆ ಸಹಿ ಹಾಕುತ್ತಿದ್ದೇನೆಂಬುದನ್ನು ಬ್ರೌಸರಿನಿಂದಲೇ ತಿಳಿದುಕೊಳ್ಳುವುದರಿಂದ, ನಕಲಿ ಪುಟವನ್ನು ಕಣ್ಣು ನಂಬಿದರೂ ಕೀಲಿ ನಂಬುವುದಿಲ್ಲ. ಫಿಡೋ ಎಂಬ ಒಕ್ಕೂಟ ರೂಪಿಸಿದ ಈ ವಿಧಾನದ ಬ್ರೌಸರ್ ಭಾಗ 2019ರ ಮಾರ್ಚಿನಲ್ಲಿ ವೆಬ್‌ಆಥ್ನ್ ಎಂಬ ಹೆಸರಿನಲ್ಲಿ ಅಧಿಕೃತ ಮಾನಕವಾಯಿತು. ಮೊಬೈಲಿನಲ್ಲೇ ಅಡಕವಾಗಿರುವ ಪಾಸ್‌ಕೀ ಇದರ ಇತ್ತೀಚಿನ ರೂಪ. ತನ್ನ 85,000ಕ್ಕೂ ಹೆಚ್ಚು ನೌಕರರಲ್ಲಿ ಯಾರೊಬ್ಬರ ಕಚೇರಿ ಖಾತೆಯೂ, ಕೀಲಿಗಳನ್ನು ಕಡ್ಡಾಯಗೊಳಿಸಿದ 2017ರ ಆರಂಭದಿಂದೀಚೆಗೆ, ಇಂಥ ವಂಚನೆಗೆ ಬಲಿಯಾಗಿಲ್ಲವೆಂದು ಗೂಗಲ್ 2018ರಲ್ಲಿ ತಿಳಿಸಿತು. ಪಾಸ್‌ವರ್ಡನ್ನು ನಿಗದಿತ ಅವಧಿಗೊಮ್ಮೆ ಬದಲಿಸಲೇಬೇಕೆಂಬ ಹಳೆಯ ಕಟ್ಟಳೆಯನ್ನು ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಬಲವಂತಕ್ಕೆ ಬದಲಿಸುವವರು ಹಳೆಯದರ ಕೊನೆಗೆ ಒಂದಂಕಿ ಸೇರಿಸುತ್ತಾರೆ, ಅದನ್ನು ಊಹಿಸುವುದು ಕಷ್ಟವಲ್ಲ.

ಹತ್ತಾರು ಒಳತಾಣಗಳಿರುವ ಸಂಸ್ಥೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಇರುವುದು ಅಪಾಯಕಾರಿ. ಎಲ್ಲ ತಾಣಗಳಿಗೂ ಒಂದೇ ಕೇಂದ್ರದಲ್ಲಿ ಗುರುತು ದೃಢಪಡಿಸುವ ಏಕ ಲಾಗಿನ್ ಪದ್ಧತಿ ಇದಕ್ಕೆ ಉತ್ತರ. 2005ರ ಸ್ಯಾಮ್ಲ್ 2.0 ಮತ್ತು 2014ರ ಓಪನ್‌ಐಡಿ ಕನೆಕ್ಟ್ ಈ ಕೆಲಸಕ್ಕೆ ಬಳಕೆಯಲ್ಲಿರುವ ಮುಖ್ಯ ಮಾನಕಗಳು. ಎಲ್ಲವೂ ಒಂದೇ ಕೇಂದ್ರದಲ್ಲಿ ನೆಲೆಗೊಂಡಾಗ ಆ ಕೇಂದ್ರವೇ ದಾಳಿಕೋರರಿಗೆ ದೊಡ್ಡ ಗುರಿಯಾಗುತ್ತದೆ ಎಂಬುದೂ ನಿಜ. ಗುರುತಿನ ಸೇವೆ ಒದಗಿಸುವ ಆಕ್ಟಾ ಕಂಪನಿಯ ಗ್ರಾಹಕ ಸಹಾಯ ವಿಭಾಗದ ಕಡತಗಳಿಂದ 2023ರಲ್ಲಿ ಲಾಗಿನ್ ಚೀಟಿಗಳು ಕಳುವಾಗಿ ಹಲವು ಗ್ರಾಹಕ ಸಂಸ್ಥೆಗಳು ಆತಂಕಕ್ಕೆ ಒಳಗಾದವು. ಆದ್ದರಿಂದ ಚೀಟಿಯ ಆಯುಸ್ಸು ಕಡಿಮೆ ಇರಬೇಕು, ಹಣ ಪಾವತಿಯಂಥ ಗಂಭೀರ ಕ್ರಿಯೆಗಳಿಗೆ ಮುನ್ನ ಗುರುತನ್ನು ಮತ್ತೊಮ್ಮೆ ಕೇಳಬೇಕು.

ಎರಡನೆಯ ಪ್ರಶ್ನೆ, ಅಂದರೆ ಅಧಿಕಾರದ ನಿರ್ಣಯ, ಇನ್ನೂ ಕಠಿಣವಾದದ್ದು, ಏಕೆಂದರೆ ಅದನ್ನು ಕೊಂಡುತರಲಾಗುವುದಿಲ್ಲ. ಸಂಸ್ಥೆ ತನ್ನ ಕೆಲಸದ ಹಂಚಿಕೆಯನ್ನು ತಾನೇ ಕೂತು ಯೋಚಿಸಬೇಕು. ಇದಕ್ಕೆ ಬೇಕಾದ ತತ್ತ್ವಗಳನ್ನು ಎಂಐಟಿಯ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ಪ್ರಬಂಧದಲ್ಲಿ ವಿವರಿಸಿದ್ದು, ಅಷ್ಟು ಸ್ಪಷ್ಟವಾಗಿ ಅವನ್ನು ನಿರೂಪಿಸಿದ ಬರಹಗಳು ಆಮೇಲೂ ವಿರಳ. ಅನುಮತಿ ಕೊಟ್ಟದ್ದನ್ನು ಬಿಟ್ಟು ಉಳಿದೆಲ್ಲವೂ ನಿಷಿದ್ಧವಾಗಿರಬೇಕು. ಪ್ರತಿ ವಸ್ತುವಿನ ಪ್ರತಿ ಬಳಕೆಯೂ ಪರಿಶೀಲನೆಗೆ ಒಳಪಡಬೇಕು. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಇವುಗಳ ಜೊತೆಗೆ ಅವರು ಸೇರಿಸಿದ ಇನ್ನೊಂದು ತತ್ತ್ವವನ್ನು ಭದ್ರತಾ ವಿಭಾಗಗಳು ಮರೆಯುವುದೇ ಹೆಚ್ಚು: ರಕ್ಷಣೆಯ ವಿಧಾನ ಬಳಸುವವರಿಗೆ ಸುಲಭವಾಗಿರಬೇಕು, ಇಲ್ಲವಾದರೆ ಅವರು ಅದನ್ನು ತಪ್ಪಾಗಿ ಬಳಸುತ್ತಾರೆ ಅಥವಾ ಬಳಸುವುದೇ ಇಲ್ಲ.

ವ್ಯಕ್ತಿಗಳಿಗೆ ಒಂದೊಂದಾಗಿ ಅನುಮತಿ ಕೊಡುತ್ತಾ ಹೋದರೆ ಪಟ್ಟಿ ಬೆಳೆದು ಯಾರಿಗೂ ಅರ್ಥವಾಗದಂತಾಗುತ್ತದೆ. ಅದರ ಬದಲು ಲೆಕ್ಕಿಗರು, ಉಗ್ರಾಣ ಪಾಲಕರು, ಮಾರಾಟ ಪ್ರತಿನಿಧಿಗಳು ಎಂದು ಪಾತ್ರಗಳನ್ನು ಗುರುತಿಸಿ, ಅನುಮತಿಯನ್ನು ಪಾತ್ರಕ್ಕೂ ಪಾತ್ರವನ್ನು ವ್ಯಕ್ತಿಗೂ ಜೋಡಿಸುವ ಮಾದರಿಯನ್ನು ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಮಂಡಿಸಿದರು. ಭಾರತೀಯ ಮೂಲದ ರವಿ ಸಂಧು ಮತ್ತು ಸಂಗಡಿಗರು 1996ರಲ್ಲಿ ಅದನ್ನು ವಿಸ್ತರಿಸಿದರು. ಒಬ್ಬರೇ ಬಿಲ್ ಸಿದ್ಧಪಡಿಸಿ ಒಬ್ಬರೇ ಮಂಜೂರು ಮಾಡಬಾರದೆಂಬ ಕರ್ತವ್ಯ ವಿಭಜನೆಯನ್ನೂ ಈ ಮಾದರಿಯಲ್ಲಿ ಅಳವಡಿಸಬಹುದು. ಭಾರತದ ಬ್ಯಾಂಕುಗಳಲ್ಲಿ ಇದು ಮೇಕರ್-ಚೆಕರ್ ಪದ್ಧತಿಯೆಂದು ಪರಿಚಿತ. ಈ ಪದ್ಧತಿ ಇದ್ದರಷ್ಟೇ ಸಾಲದು, ಒಳವ್ಯವಸ್ಥೆಗಳು ಒಂದನ್ನೊಂದು ಪರಿಶೀಲಿಸುವಂತೆಯೂ ಇರಬೇಕೆಂಬುದನ್ನು 2018ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ತೋರಿಸಿತು. ಮುಂಬಯಿ ಶಾಖೆಯೊಂದರಿಂದ ಸ್ವಿಫ್ಟ್ ಎಂಬ ಅಂತಾರಾಷ್ಟ್ರೀಯ ಸಂದೇಶ ಜಾಲದ ಮೂಲಕ ಹೊರಟ ಖಾತರಿ ಪತ್ರಗಳು ಬ್ಯಾಂಕಿನ ಮುಖ್ಯ ಲೆಕ್ಕ ವ್ಯವಸ್ಥೆಯಲ್ಲಿ ನಮೂದಾಗಿರಲಿಲ್ಲ, ಏಕೆಂದರೆ ಎರಡರ ನಡುವೆ ಕೊಂಡಿಯೇ ಇರಲಿಲ್ಲ. ಮೊದಲ ಅಂದಾಜಿನಲ್ಲೇ ಮೊತ್ತ ಸುಮಾರು 11,400 ಕೋಟಿ ರೂಪಾಯಿಯಷ್ಟಿತ್ತು. ಎರಡು ವ್ಯವಸ್ಥೆಗಳನ್ನೂ ಆ ವರ್ಷದ ಏಪ್ರಿಲ್ 30ರೊಳಗೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ ಆಮೇಲೆ ಗಡುವು ವಿಧಿಸಿತು.

ತಾಣ ಕಟ್ಟುವವರ ಅಜಾಗರೂಕತೆಯೂ ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ನೌಕರರೊಬ್ಬರು ತಮ್ಮ ವೇತನ ಚೀಟಿಯನ್ನು ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯ ಕೊನೆಯಲ್ಲಿ 1041 ಎಂಬ ಸಂಖ್ಯೆಯಿದ್ದು, ಅದನ್ನು 1042 ಎಂದು ತಿದ್ದಿದ ಕೂಡಲೇ ಪಕ್ಕದವರ ಚೀಟಿ ತೆರೆದುಕೊಂಡರೆ, ಆ ತಾಣದಲ್ಲಿ ಲಾಗಿನ್ ಇದೆ, ಅಧಿಕಾರದ ನಿರ್ಣಯವಿಲ್ಲ. ಪರದೆಯ ಮೇಲೆ ಗುಂಡಿಯನ್ನು ಮರೆಮಾಡುವುದು ರಕ್ಷಣೆಯಾಗುವುದಿಲ್ಲ. ಪ್ರತಿ ಕೋರಿಕೆ ಬಂದಾಗಲೂ ಸರ್ವರ್ ತಾನೇ ಕೇಳಬೇಕು. ಜಾಲತಾಣಗಳ ಪ್ರಮುಖ ದೋಷಗಳನ್ನು ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆಯ 2017ರ ಪಟ್ಟಿಯಲ್ಲಿ ಐದನೆಯ ಸ್ಥಾನದಲ್ಲಿದ್ದ ಪ್ರವೇಶ ನಿಯಂತ್ರಣದ ವೈಫಲ್ಯ 2021ರಲ್ಲಿ ಮೊದಲ ಸ್ಥಾನಕ್ಕೆ ಏರಿತು.

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ನೆನೆಯಬೇಕಾದ ಹಿರಿಯ ಉದಾಹರಣೆಯೊಂದಿದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಜಾರಿಗೆ ಬಂದಾಗ, ಅದರ ಒಳವ್ಯವಸ್ಥೆಯನ್ನು ಬಳಸುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು ಮತ್ತು ಅವರು ಮಾಡಿದ ಪ್ರತಿ ಬದಲಾವಣೆ ಅವರ ಹೆಸರಿನಲ್ಲಿ ದಾಖಲಾಗುತ್ತಿತ್ತು. ಖಾತೆ ಬದಲಾವಣೆಗೆ ಆಧಾರವಾದ ಆದೇಶದ ಪ್ರತಿಯನ್ನೂ ಸ್ಕ್ಯಾನ್ ಮಾಡಿ ಇಡಲಾಗುತ್ತಿತ್ತು. ಪಾಸ್‌ವರ್ಡನ್ನು ಸಹೋದ್ಯೋಗಿಗೆ ಹೇಳಿ ಚಹಾಕ್ಕೆ ಹೋಗುವ ಕಚೇರಿ ಪದ್ಧತಿಯಲ್ಲಿ, ತಿದ್ದಿದ್ದು ನಾನಲ್ಲ ಎಂಬ ಮಾತಿಗೆ ಸದಾ ಅವಕಾಶವಿರುತ್ತದೆ. ಜಮೀನಿನ ದಾಖಲೆಯ ಒಂದು ಸಾಲು ಒಂದು ಕುಟುಂಬದ ಬದುಕನ್ನೇ ನಿರ್ಧರಿಸುವಾಗ ಆ ಅವಕಾಶವನ್ನು ಮುಚ್ಚಿದ್ದು ಸಣ್ಣ ಸಾಧನೆಯಲ್ಲ. ಬೆರಳಚ್ಚು ಒಮ್ಮೆ ಸೋರಿಹೋದರೆ ಅದನ್ನು ಪಾಸ್‌ವರ್ಡಿನಂತೆ ಬದಲಿಸಲಾಗದು ಎಂಬ ಮಿತಿ ಅದಕ್ಕೂ ಇದೆ. ಆದರೂ ಹಂಚಿಕೊಂಡ ಖಾತೆಗಳ ಅಪಾಯವನ್ನು ಅಷ್ಟು ಮುಂಚೆಯೇ ಗುರುತಿಸಿ, ಕ್ರಿಯೆಯನ್ನು ವ್ಯಕ್ತಿಗೆ ಕಟ್ಟಿಹಾಕಿದ ಆ ವಿನ್ಯಾಸದಿಂದ ಇಂದಿನ ಅನೇಕ ಖಾಸಗಿ ಕಂಪನಿಗಳು ಕಲಿಯಬೇಕಾದದ್ದಿದೆ.

ಯಾರು, ಯಾವಾಗ, ಏನನ್ನು ನೋಡಿದರು ಅಥವಾ ತಿದ್ದಿದರು ಎಂಬ ಈ ದಾಖಲೆಗೆ ಲಾಗ್ ಎನ್ನುತ್ತಾರೆ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ವೈಯಕ್ತಿಕ ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ನೌಕರರ ಆಧಾರ್, ಬ್ಯಾಂಕ್ ಖಾತೆ, ವೈದ್ಯಕೀಯ ವಿವರಗಳೆಲ್ಲ ಒಳತಾಣದಲ್ಲೇ ಇರುವುದರಿಂದ ಈ ಕಾಯ್ದೆ ದೊಡ್ಡ ಕಂಪನಿಗಳಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸಲಾಗದು.

ಇಷ್ಟೆಲ್ಲ ತಂತ್ರಗಳ ನಡುವೆ ಅತ್ಯಂತ ಅಗ್ಗವಾದ, ಆದರೆ ಅತ್ಯಂತ ಕಡೆಗಣಿತವಾದ ಕೆಲಸವೆಂದರೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವುದು. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಬೇಕಾದ ಇಂಧನದ ಸುಮಾರು ಶೇಕಡಾ 45ರಷ್ಟನ್ನು ಸಾಗಿಸುತ್ತಿದ್ದ ಕಲೋನಿಯಲ್ ಪೈಪ್‌ಲೈನ್ ಕೆಲವು ದಿನ ಸ್ತಬ್ಧವಾಯಿತು. ದಾಳಿಕೋರರು ಒಳಬಂದದ್ದು ಬಳಕೆಯಲ್ಲಿಲ್ಲದ, ಆದರೆ ಮುಚ್ಚದೇ ಉಳಿದಿದ್ದ ವಿಪಿಎನ್ ಖಾತೆಯೊಂದರಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಹಂತದ ಪರಿಶೀಲನೆ ಇರಲಿಲ್ಲ. ಕಂಪನಿ 44 ಲಕ್ಷ ಡಾಲರ್ ಒತ್ತೆಹಣ ತೆತ್ತಿತು. ಯಾರಿಗೂ ಬೇಡವಾಗಿದ್ದ ಒಂದು ಹೆಸರನ್ನು ಅಳಿಸಿದ್ದರೆ ಅಂದಿನ ದಾಳಿಗೆ ಆ ದಾರಿ ಸಿಗುತ್ತಿರಲಿಲ್ಲ.

ಪೀಣ್ಯದ ಬಿಡಿಭಾಗ ತಯಾರಕರಿಗಾಗಲಿ, ಹುಬ್ಬಳ್ಳಿಯ ಸಗಟು ವ್ಯಾಪಾರಿಗಳಿಗಾಗಲಿ, ಮಂಗಳೂರಿನ ಆಸ್ಪತ್ರೆಗಾಗಲಿ ಗೂಗಲ್‌ನಂಥ ವ್ಯವಸ್ಥೆ ಕಟ್ಟುವ ಶಕ್ತಿ ಇರಲಿಕ್ಕಿಲ್ಲ, ಅದರ ಅಗತ್ಯವೂ ಇಲ್ಲ. ಅವರು ಬಳಸುತ್ತಿರುವ ಇಮೇಲ್ ಸೇವೆಯಲ್ಲೇ ಏಕ ಲಾಗಿನ್ ಮತ್ತು ಪಾಸ್‌ಕೀ ಸೌಲಭ್ಯಗಳು ಬಹುತೇಕ ಇರುತ್ತವೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ. ಆದರೆ ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ ಮತ್ತು ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಒಳತಾಣದ ಬಳಕೆದಾರರ ಪಟ್ಟಿಯನ್ನೂ ಈ ತಿಂಗಳ ವೇತನದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಪ್ರತಿ ಹೆಸರಿಗೂ ಒಬ್ಬರಿಂದ ವಿವರಣೆ ಕೇಳಲಿ, ವಿವರಣೆ ಸಿಗದ ಖಾತೆಗಳನ್ನು ಅಂದೇ ಮುಚ್ಚಲಿ.